ಮಕ್ಕಳಿಗೆ ನೀರಿನ ಬಗ್ಗೆ ಒಂದು ಆಕ್ಟಿವಿಟಿ ಪುಸ್ತಕ ಮಾಡಿಸಿದ್ವಿ, ಡಿಸೈನ್ ಮಾಡಿಕೊಟ್ಟವರ ಕೆಲಸ ಹೇಗಿತ್ತು ಅಂತ ಹೇಳ್ತೀನಿ

ಮೊನ್ನೆ ಭಾನುವಾರ ಕೊನೇ ಬಂಡಲ್ ಬಿಚ್ಚಿ ಎಣಿಸಿ ಅಂತೂ 500 ಪುಸ್ತಕನೂ ಹಂಚಿ ಮುಗಿಸಿದ್ವಿ, ಮರೆತುಹೋಗೋ ಮುಂಚೆ ಬರೆದುಬಿಡೋಣ ಅಂತ ಕೂತಿದೀನಿ. ನಮ್ಮ ಅಪಾರ್ಟ್‌ಮೆಂಟ್‌ನ ನೀರಿನ ಕಮಿಟಿಯಿಂದ ಮಕ್ಕಳಿಗೆ ಒಂದು ಆಕ್ಟಿವಿಟಿ ಬುಕ್ ಮಾಡಿಸಿದ್ವಿ, ಪೂರ್ತಿ ಕನ್ನಡ, 32 ಪುಟ, ಪುಟಪುಟಕ್ಕೂ ಚಿತ್ರ, 6ರಿಂದ 10 ವರ್ಷದವರಿಗೆ, ಅರ್ಧ ನಮ್ಮಲ್ಲಿನ ಮಕ್ಕಳಿಗೆ ಇನ್ನರ್ಧ ಪಕ್ಕದ ಸರ್ಕಾರಿ ಶಾಲೆ ಮಕ್ಕಳಿಗೆ. ಡಿಸೈನ್ ಮಾಡಿಕೊಟ್ಟವರು ಇಬ್ಬರೇ ಇಬ್ಬರು, ಒಬ್ಬರು ಚಿತ್ರ ಬರೀತಾರೆ, ಇನ್ನೊಬ್ಬರು ಲೇಔಟು ಮತ್ತೆ ಪ್ರಿಂಟಿಂಗ್ ಕಡೆ ನೋಡ್ಕೋತಾರೆ. ಸದ್ಯಕ್ಕೆ ಕೈತುಂಬ ಕೆಲಸ ಇದೆ, ಹೆಸರು ಹಾಕ್ಬೇಡಿ ಅಂತ ಅವರೇ ಹೇಳಿರೋದ್ರಿಂದ ಹಾಕ್ತಿಲ್ಲ. ಆದ್ರೆ ಇಂಥ ಪುಸ್ತಕ ಮಾಡಿಸಬೇಕು ಅಂತ ಶಾಲೆಯವರೋ ಸಂಘದವರೋ ಯಾರಾದ್ರೂ ಯೋಚಿಸ್ತಿದ್ರೆ ಡಿಸೈನರ್ ಹತ್ರ ಏನ್ ಕೇಳಬೇಕು, ದುಡ್ಡು ಎಲ್ಲಿ ಹೋಗುತ್ತೆ, ಎಲ್ಲಿ ಎಡವಟ್ಟಾಗುತ್ತೆ ಅಂತ ಗೊತ್ತಾಗ್ಲಿ ಅಂತ ಎಲ್ಲಾ ಬಿಡಿಸಿ ಬರೀತೀನಿ. ಸ್ಟಾರ್ ಕೊಡಿ ಅಂದ್ರೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಯಾಕೆ ಕಟ್ ಆಯ್ತು ಅಂತಾನೂ ಹೇಳ್ತೀನಿ.

ಇದು ಶುರುವಾಗಿದ್ದು 2024ರ ಬೇಸಿಗೇಲಿ. ನಾವಿರೋದು ಬೆಂಗಳೂರಿನ ವರ್ತೂರು ಕಡೆ, ಆ ಮಾರ್ಚ್‌ನಲ್ಲಿ ನಮ್ಮ ಎರಡೂ ಬೋರ್‌ವೆಲ್ ಕೈಕೊಟ್ಟು ಸಂಪಿಗೆ ಟ್ಯಾಂಕರ್ ಬಂದ್ರೇನೇ ನೀರು ಅನ್ನೋ ಹಾಗಾಗಿತ್ತು. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಾರ್ಡನ್‌ಗೆ ಬಿಟ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು, ನಲ್ಲಿಗಳಿಗೆ ನೀರಿನ ಹರಿವು ಕಮ್ಮಿ ಮಾಡೋ ಏರೇಟರ್ ಹಾಕ್ಸಿ ಅಂತ ಬೇರೆ. ದೊಡ್ಡೋರೆಲ್ಲ ಗ್ರೂಪಲ್ಲಿ ಕಿತ್ತಾಡ್ತಿದ್ವಿ, ಮಕ್ಕಳು ಮಾತ್ರ ಟ್ಯಾಂಕರ್ ಹಾರ್ನ್ ಕೇಳಿದ್ರೆ ಸಾಕು ಓಡಿಹೋಗಿ ಪೈಪ್ ಪಕ್ಕ ನಿಂತು ನೋಡೋವು. ನನ್ನ ಮಗಳು ಒಂದಿನ ಕೇಳಿದ್ಲು, ಅಮ್ಮಾ ಟ್ಯಾಂಕರ್‌ಗೆ ನೀರು ಎಲ್ಲಿಂದ ಬರುತ್ತೆ ಅಂತ. ಬೋರ್‌ವೆಲ್‌ನಿಂದ ಕಣೆ ಅಂದೆ. ನಮ್ ಬೋರ್‌ವೆಲ್ ಒಣಗಿದೆಯಲ್ಲ, ಅವರದ್ದು ಯಾಕೆ ಒಣಗಿಲ್ಲ ಅಂದ್ಲು. ಅದಕ್ಕೆ ನಾನು ಸರಿಯಾಗಿ ಉತ್ತರ ಕೊಡ್ಲಿಲ್ಲ, ಆಮೇಲೆ ಹೇಳ್ತೀನಿ ಅಂದೆ, ಆ ಆಮೇಲೆ ಅನ್ನೋದೇ ಈ ಪುಸ್ತಕ ಆಯ್ತು ನೋಡಿ.

ಮೊದಲು ಬೇರೆ ಒಂದು ಏಜೆನ್ಸಿಗೆ ಕೊಟ್ಟಿದ್ವಿ, ಅದು ಬರೀ ನಷ್ಟ. ಹತ್ತು ಸಾವಿರ ಅಡ್ವಾನ್ಸ್ ತಗೊಂಡು ಒಂದೂವರೆ ತಿಂಗಳಾದ್ಮೇಲೆ ಎಂಟು ಪುಟ ಕಳಿಸಿದ್ರು. ಮೊದಲನೇ ಪುಟದಲ್ಲೇ ಬಿಳೀ ಬಾತ್‌ಟಬ್, ಅದರೊಳಗೆ ಚಿನ್ನದ ಬಣ್ಣದ ಕೂದಲಿನ ಹುಡುಗಿ, ಸುತ್ತ ನೊರೆ. ಮೂರನೇ ಪುಟದಲ್ಲಿ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್, ಐದನೇದ್ರಲ್ಲಿ ಅಳ್ತಾ ಇರೋ ಭೂಮಿ. ನಮ್ಮ ಯಾವ ಮಗು ಬಾತ್‌ಟಬ್ ನೋಡಿದೆ ಹೇಳಿ, ನಮ್ಮ ಮನೆಗಳಲ್ಲಿ ಇರೋದು ಬಕೆಟ್ಟು ಚೊಂಬು, ಸಂಪು, ಸಿಂಟೆಕ್ಸು, ಅಡುಗೆಮನೇಲಿ ಒಂದು ಸ್ಟೀಲ್ ಡ್ರಮ್ಮು. ಚಿತ್ರ ಹೋಗ್ಲಿ ಅಂದ್ರೆ ಅಕ್ಷರ ಇನ್ನೂ ಅನ್ಯಾಯ, ನಾವು ಕೊಟ್ಟಿದ್ದು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯ, ಅವರು ಅದನ್ನ ಸಾಫ್ಟ್‌ವೇರ್‌ಗೆ ಹಾಗೇ ಪೇಸ್ಟ್ ಮಾಡಿ ಒತ್ತಕ್ಷರ ಎಲ್ಲಾ ಕಳಚಿಕೊಂಡು ಬಿದ್ದಿತ್ತು, ರಕ್ಷಿಸಿ ಅನ್ನೋದು ರಕ್‌ಷಿಸಿ ಅಂತ, ಬತ್ತಿದ ಕೆರೆ ಬತ್‌ತಿದ ಕೆರೆ ಆಗಿತ್ತು. ಸರಿ ಮಾಡಿ ಅಂದ್ರೆ ನಮ್ಮ ಕಂಪ್ಯೂಟರ್‌ನಲ್ಲಿ ಕನ್ನಡ ಹೀಗೇ ಬರೋದು ಮೇಡಂ ಅಂದ್ರು. ಅಷ್ಟು ಕೇಳಿ ನಂಗೆ ನಿಜವಾಗ್ಲೂ ಬೇಜಾರಾಯ್ತು, ಓದೋದು ಕಲೀತಿರೋ ಮಗು ಕೈಗೆ ಇದನ್ನ ಕೊಟ್ರೆ ಅದು ತಾನೇ ತಪ್ಪು ಓದ್ತಿದೀನಿ ಅಂದ್ಕೊಳ್ಳುತ್ತೆ. ಅಡ್ವಾನ್ಸ್ ವಾಪಸ್ ಬರ್ಲಿಲ್ಲ, ಅಲ್ಲಿಗೇ ಬಿಟ್ವಿ.

ಹಾಗಾಗಿ ಯಾರಿಗೇ ಕೊಡಿ, ಮೊದಲು ಎರಡು ಸಾಲು ಕನ್ನಡ ಕಳಿಸಿ ಅವರ ಸಾಫ್ಟ್‌ವೇರ್‌ನಿಂದ ಪಿಡಿಎಫ್ ಮಾಡಿ ವಾಪಸ್ ಕಳಿಸೋಕೆ ಹೇಳಿ. ಸ್ತ್ರೀ, ಅರ್ಧ, ಕ್ಷಣ, ಜ್ಞಾನ, ರಾಷ್ಟ್ರ ಈ ಐದು ಪದ ಸರಿಯಾಗಿ ಬಂದ್ರೆ ಉಳಿದಿದ್ದೂ ಬರುತ್ತೆ. ಈಗಿನ ಇಲಸ್ಟ್ರೇಟರ್, ಇನ್‌ಡಿಸೈನ್ ಎರಡರಲ್ಲೂ ಭಾರತೀಯ ಭಾಷೆಗಳಿಗೆ ಬೇರೇನೇ ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡಿದ್ರೆ ಆಯ್ತು, ಆನ್ ಮಾಡೋರು ಬೇಕು ಅಷ್ಟೇ.

ಈಗ ಈ ಇಬ್ಬರ ವಿಷಯಕ್ಕೆ ಬರ್ತೀನಿ. ಡಿಸೆಂಬರ್‌ನಲ್ಲಿ ಫೋನ್ ಮಾಡಿದಾಗ ಬಜೆಟ್ ಎಷ್ಟು ಅಂತ ಕೇಳೋ ಮುಂಚೆ, ಇದನ್ನ ಓದೋ ಮಗು ಯಾರು, ಆ ಮಗುವಿನ ಮನೆಗೆ ನೀರು ಹೇಗೆ ಬರುತ್ತೆ ಅಂತ ಕೇಳಿದ್ರು. ನಾನು ಎರಡೂ ಕಡೆ ಮಕ್ಕಳ ಬಗ್ಗೆ ಹೇಳ್ದೆ. ಹಾಗಾದ್ರೆ ಶಾಲೆಗೆ ಒಂದು ಸಲ ಹೋಗಿ ಬರೋಣ ಅಂದ್ರು, ಅದಕ್ಕೆ ಎಕ್ಸ್‌ಟ್ರಾ ದುಡ್ಡೂ ಕೇಳ್ಲಿಲ್ಲ. ನಮ್ ಹತ್ರ ಆಗ್ಲೇ ಕಂಟೆಂಟ್ ರೆಡಿ ಇತ್ತು, ನಾವೇ ಮೂರು ಜನ ಕೂತು ಬರೆದಿದ್ದು, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಶವರ್ ಬದಲು ಬಕೆಟ್ ಬಳಸಿ, ಆರ್‌ಒ ಫಿಲ್ಟರ್‌ನಿಂದ ಬರೋ ವೇಸ್ಟ್ ನೀರಲ್ಲಿ ನೆಲ ಒರೆಸಿ, ಹೀಗೆ ಇಪ್ಪತ್ತು ಸೂಚನೆ.

ಶಾಲೇಲಿ ಏನಾಯ್ತು ಅಂದ್ರೆ, ಚಿತ್ರ ಬರೆಯೋರು ಮೂರನೇ ಕ್ಲಾಸ್ ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟು ನಿಮ್ಮನೇಲಿ ನೀರು ಎಲ್ಲಿರುತ್ತೋ ಅದನ್ನ ಬರೀರಿ ಅಂದ್ರು. ನಾನು ಹಿಂದೆ ನಿಂತು ನೋಡ್ತಿದ್ದೆ. ಹೆಚ್ಚುಕಮ್ಮಿ ಎಲ್ಲರೂ ಕೊಡ ಬರೆದ್ರು, ಸಾಲಾಗಿ ಕೊಡ, ಮನೆ ಹೊರಗೆ ನೀಲಿ ಡ್ರಮ್ಮು. ಒಂದು ಹುಡುಗಿ ಎರಡೇ ಕೊಡ ಬರೆದು ನಿಲ್ಲಿಸಿದ್ಲು. ಇನ್ನೂ ಏನಾದ್ರೂ ಇದ್ಯಾ ಪುಟ್ಟಿ ಅಂದ್ರೆ ಇಲ್ಲ ಮಿಸ್, ಒಂದು ಕುಡಿಯೋಕೆ ಒಂದು ಎಲ್ಲಾದಕ್ಕೂ ಅಂದ್ಲು. ಬೆಳಗ್ಗೆ ಐದಕ್ಕೆ ಎದ್ದು ಅವಳೇ ಅಕ್ಕನ ಜೊತೆ ಹೋಗಿ ತುಂಬಿಸ್ಕೊಂಡು ಬರ್ತಾಳಂತೆ. ಕ್ಲಾಸಿಂದ ಹೊರಗೆ ಬಂದ್ಮೇಲೆ ಚಿತ್ರ ಬರೆಯೋರು ನಮ್ಮ ಇಪ್ಪತ್ತು ಸೂಚನೆ ಇದ್ದ ಹಾಳೆ ನನ್ ಕೈಗೆ ವಾಪಸ್ ಕೊಟ್ಟು, ಇದರಲ್ಲಿ ಆ ಹುಡುಗಿಗೆ ಹೇಳೋ ಅಂಥದ್ದು ಯಾವುದು ತೋರಿಸಿ ಅಂತ ಮೆತ್ತಗೆ ಕೇಳಿದ್ರು. ಒಂದೂ ಇರ್ಲಿಲ್ಲ. ದಿನಕ್ಕೆ ಎರಡು ಕೊಡದಲ್ಲಿ ಮನೆ ನಡೆಸೋ ಮಗುಗೆ ನೀರು ಉಳಿಸು ಅಂತ ಹೇಳೋ ಯೋಗ್ಯತೆ ನಮಗೆಲ್ಲಿದೆ, ಅವಳೇ ನಮಗೆ ಪಾಠ ಮಾಡಬೇಕು. ನೀರಿನ ಬಗ್ಗೆ ಮಕ್ಕಳ ಪುಸ್ತಕ ಅಂತ ಬರೋದ್ರಲ್ಲಿ ಎಲ್ಲಾ ಇದೇ ತಪ್ಪು ಅನ್ಸುತ್ತೆ ನಂಗೆ, ನೀರು ಹಾಳು ಮಾಡೋರು ಮಕ್ಕಳು ಅಂದ್ಕೊಂಡೇ ಶುರು ಮಾಡ್ತೀವಿ, ಸಂಪ್ ತುಂಬಿ ಹರಿಯೋಕೆ ಬಿಡೋರು, ಕೆರೆಗೆ ಮಣ್ಣು ಹಾಕ್ಸೋರು, ಹತ್ತಿರ ಹತ್ತಿರ ಬೋರ್ ಕೊರೆಸೋರು ಎಲ್ಲಾ ದೊಡ್ಡೋರೇ.

ಅವತ್ತು ಸಾಯಂಕಾಲನೇ ಇಡೀ ಪ್ಲಾನ್ ತಿರುಗಿಸಿದ್ವಿ. ಉಪದೇಶ ತೆಗೆದು ಮಗುನ ನೀರುಗಂಟಿ ಮಾಡೋಣ ಅಂದ್ರು ಅವರು. ಈ ಪದ ಎಷ್ಟು ಜನಕ್ಕೆ ನೆನಪಿದೆಯೋ, ಹಳ್ಳಿ ಕಡೆ ಕೆರೆ ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡ್ಕೊಳ್ಳೋನು ನೀರುಗಂಟಿ, ಅವನ ಮಾತೇ ಅಲ್ಲಿ ಕೊನೆ. ಪುಸ್ತಕದಲ್ಲಿ ಮಗು ನೀರುಗಂಟಿ ಆಗಿ ಮನೆ, ಶಾಲೆ, ಬೀದಿ, ಕೆರೆ ಎಲ್ಲಾ ಸುತ್ತಿ ಅಳೆಯುತ್ತೆ, ಎಣಿಸುತ್ತೆ, ಎಲ್ಲಿ ಸೋರ್ತಿದೆ ಅಂತ ಬರ್ಕೊಳ್ಳುತ್ತೆ, ದೊಡ್ಡೋರಿಗೆ ಪ್ರಶ್ನೆ ಕೇಳುತ್ತೆ. ಎರಡು ಕೊಡ ಇರೋ ಮನೆ ಮಗುನೂ ಇದನ್ನ ಮಾಡಬಹುದು, ಹದಿನಾಲ್ಕನೇ ಫ್ಲೋರ್ ಮಗುನೂ ಮಾಡಬಹುದು.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿರೋದು ನಡುವಿನ ಎರಡು ಪುಟ, 16 ಮತ್ತು 17. ಮಧ್ಯಕ್ಕೆ ಪಿನ್ ಹೊಡೆಯೋ ಪುಸ್ತಕದಲ್ಲಿ ಅದೊಂದೇ ಜಾಗದಲ್ಲಿ ಎರಡು ಪುಟ ಒಂದೇ ಹಾಳೆ ಆಗಿರೋದು, ಬೇರೆ ಕಡೆ ದೊಡ್ಡ ಚಿತ್ರ ಹಾಕಿದ್ರೆ ನಡುವೆ ಬಣ್ಣ ಕೂಡಲ್ಲ, ಅದಕ್ಕೇ ಆಟನ ಅಲ್ಲಿಗೇ ಇಟ್ಟಿದಾರೆ. ಹಾವು ಏಣಿ ಆಟ, ಆದ್ರೆ ಕಾವೇರಿ ನೀರು ಬೆಂಗಳೂರಿಗೆ ಬರೋ ದಾರಿ. ಕೆಳಗಡೆ ಶಿವ ಅಣೆಕಟ್ಟಿನಿಂದ ಶುರು, ನೆಟ್ಕಲ್ ದಾಟಿ ತೊರೆಕಾಡನಹಳ್ಳಿ, ಅಲ್ಲೊಂದು ಏಣಿ, ಹಾರೋಹಳ್ಳೀಲಿ ಎರಡನೇ ಏಣಿ, ತಾತಗುಣಿಲಿ ಮೂರನೇದು, ಅಲ್ಲಿಂದ ಊರೊಳಗೆ. ಸುಮ್ನೆ ಏಣಿ ಅಲ್ಲ ಅವು, ನಿಜವಾಗ್ಲೂ ಆ ಮೂರು ಜಾಗದಲ್ಲೇ ಪಂಪ್ ಮಾಡಿ ನೀರನ್ನ ಮೇಲಕ್ಕೆ ಎತ್ತೋದು, ಸುಮಾರು 100 ಕಿಲೋಮೀಟರ್ ದೂರ, ಎತ್ತರ ಹತ್ತತ್ರ 500 ಮೀಟರ್. ಏಣಿ ಪಕ್ಕ ಒಂದೊಂದು ದೊಡ್ಡ ಮೋಟರ್ ಬರೆದಿದಾರೆ, ಏಣಿ ಹತ್ತೋ ಮಗು ಒಂದು ಸುತ್ತು ಆಟ ಬಿಡಬೇಕು, ಕರೆಂಟ್ ಖರ್ಚಾಯ್ತು ಅಂತ. ಇಷ್ಟು ಸಣ್ಣ ನಿಯಮದಲ್ಲಿ ಅಷ್ಟು ದೊಡ್ಡ ವಿಷಯ ಹೇಳಿದಾರೆ ನೋಡಿ, ನಮ್ಮ ಎಂಟನೇ ಕ್ಲಾಸ್ ಹುಡುಗರು ಕೂಡ ಆಡಿ, ಓ ಹಂಗಾದ್ರೆ ನಮ್ಮನೆ ನಲ್ಲಿ ನೀರು ಬೆಟ್ಟ ಹತ್ತಿ ಬರುತ್ತಾ ಆಂಟಿ ಅಂತ ಕೇಳಿದ್ರು. ಹಾವುಗಳು ಪೈಪ್ ಒಡೆಯೋದು, ಸಂಪ್ ತುಂಬಿ ಹರಿಯೋದು, ಇಂಥವು. ಕೊನೇ ಮನೆ ಹತ್ರ ಒಂದು ಗೆರೆ ಬಿಟ್ಟು 110 ಹಳ್ಳಿ ಅಂತ ಬರೆದಿದಾರೆ, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯ್ತಲ್ಲ ಕಾವೇರಿ ನೀರಿನ ಯೋಜನೆಯ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಅಂದ್ರಲ್ಲ, ಆ ನೀರು ಹೋಗಬೇಕಾದ, ಬೆಂಗಳೂರಿಗೆ ಆಮೇಲೆ ಸೇರಿಸಿದ ಹಳ್ಳಿಗಳು. ನಮ್ಮ ಕಡೆ ಮಕ್ಕಳಿಗೆ ಅದು ಅವರದ್ದೇ ಕಥೆ.

ಕೆರೆ ಪುಟನೂ ಚೆನ್ನಾಗಿದೆ, ಏರಿ, ತೂಬು, ಕೋಡಿ, ರಾಜಕಾಲುವೆ ಎಲ್ಲಾ ಚಿತ್ರದಲ್ಲಿ ಬಚ್ಚಿಟ್ಟು ಹುಡುಕಿ ಸುತ್ತುಹಾಕಿ ಅಂತ. ಅದರ ಪಕ್ಕದ ಪುಟದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಚಿತ್ರ, ಬಸ್ಸುಗಳ ಕೆಳಗೆ ಚುಕ್ಕಿಗಳು, ಚುಕ್ಕಿ ಸೇರಿಸಿದ್ರೆ ಅಲ್ಲಿ ಹಿಂದೆ ಇದ್ದ ಧರ್ಮಾಂಬುಧಿ ಕೆರೆ ಅಂಚು ಕಾಣುತ್ತೆ, ಅದಕ್ಕೆ ನೀಲಿ ಹಚ್ಚಿ ಅಂತ. ಕಂಠೀರವ ಸ್ಟೇಡಿಯಂ ಕೆಳಗಿನ ಸಂಪಂಗಿ ಕೆರೆಗೂ ಹಂಗೇ ಮಾಡೋಣ ಅಂತಿದ್ರು, ಜಾಗ ಸಾಲ್ಲಿಲ್ಲ. ದಕ್ಷಿಣ ಕನ್ನಡದ ಅಡ್ಯನಡ್ಕದ ರೈತ ಅಮೈ ಮಹಾಲಿಂಗ ನಾಯ್ಕರ ಸುರಂಗದ ಪುಟ ಇದೆ, 2022ರಲ್ಲಿ ಪದ್ಮಶ್ರೀ ಬಂತಲ್ಲ ಅವರಿಗೆ. ಗುಡ್ಡದೊಳಗೆ ಒಬ್ಬರೇ ಸುರಂಗ ಕೊರೆದು ಎಷ್ಟೋ ಸಲ ನೀರು ಸಿಗದೆ ಮತ್ತೆ ಮತ್ತೆ ಕೊರೆದವರು, ಅದನ್ನ ದಾರಿ ಹುಡುಕೋ ಆಟ ಮಾಡಿದಾರೆ, ಬೇಕಂತಲೇ ಸುಮಾರು ದಾರಿ ಮುಚ್ಚಿಹೋಗುತ್ತೆ, ಒಂದೇ ಒಂದರಲ್ಲಿ ನೀರು ಸಿಗುತ್ತೆ. ಮಗು ಎರಡು ಮೂರು ಸಲ ವಾಪಸ್ ಬಂದು ಮತ್ತೆ ಪೆನ್ಸಿಲ್ ಇಟ್ಟಾಗ ಆ ಮನುಷ್ಯ ಪಟ್ಟ ಪಾಡು ಸ್ವಲ್ಪನಾದ್ರೂ ಕೈಗೆ ತಾಗುತ್ತೆ.

ತೊಟ್ಟಿಕ್ಕೋ ನಲ್ಲಿ ಪುಟದ ಬಗ್ಗೆ ಹೇಳಲೇಬೇಕು ಯಾಕಂದ್ರೆ ಅವರ ಕೆಲಸದ ರೀತಿ ಗೊತ್ತಾಗೋದು ಅಲ್ಲೇ. ನಮ್ಮ ಡ್ರಾಫ್ಟ್‌ನಲ್ಲಿ ಸೆಕೆಂಡಿಗೆ ಒಂದು ಹನಿ ಬಿದ್ರೆ ದಿನಕ್ಕೆ 30 ಲೀಟರ್ ಹಾಳು ಅಂತ ಎಲ್ಲಿಂದಲೋ ತಂದು ಬರೆದಿದ್ವಿ. ಲೇಔಟ್ ಮಾಡೋರು ಇದನ್ನ ಅಳೆದು ನೋಡಿದೀರಾ ಅಂತ ಕೇಳಿದ್ರು. ಇಲ್ಲ. ಸರಿ ಅಂತ ಅವತ್ತು ರಾತ್ರಿ ನಾನು ಅಡುಗೆಮನೆ ನಲ್ಲಿನ ಸೆಕೆಂಡಿಗೆ ಒಂದು ಹನಿ ಬೀಳೋ ಹಾಗೆ ತಿರುಗಿಸಿ ಕೆಳಗೆ ಪಾತ್ರೆ ಇಟ್ಟೆ, ಒಂದು ಗಂಟೆ ಆದ್ಮೇಲೆ ಅಳತೆ ಲೋಟಕ್ಕೆ ಸುರಿದ್ರೆ 200 ಮಿಲೀ ಹತ್ರ ಬಂತು, ಅಂದ್ರೆ ದಿನಕ್ಕೆ ಐದು ಲೀಟರ್ ಆಸುಪಾಸು. ಅವರ ಮನೇಲಿ ಅಳೆದಾಗ ಬೇರೆ ಬಂತು, ಹನಿ ದಪ್ಪ ಅಂತೆ. ಆಗ ಅವರೇನ್ ಮಾಡಿದ್ರು ಅಂದ್ರೆ ನಂಬರ್‌ನೇ ತೆಗೆದುಬಿಟ್ರು. ದಿನಕ್ಕೆ 86,400 ಸೆಕೆಂಡ್ ಅನ್ನೋದು ಮಾತ್ರ ಇಟ್ಟು, ನೀನೇ ಲೋಟ ಇಟ್ಟು ಒಂದು ಗಂಟೆ ನೋಡು, ಇಲ್ಲಿ ಗೆರೆ ಎಳಿ, 24ರಿಂದ ಗುಣಿಸು ಅಂತ ದೊಡ್ಡ ಖಾಲಿ ಲೋಟದ ಚಿತ್ರ ಬಿಟ್ರು. ಪುಟ ತುಂಬ ಖಾಲಿ ಜಾಗ ಇದೆಯಲ್ಲ ದುಡ್ಡು ಕೊಟ್ಟಿದ್ದಕ್ಕೆ ಅಂತ ನಮ್ಮ ಕಮಿಟೀಲಿ ಒಬ್ಬರು ತಕರಾರು ಮಾಡಿದ್ರು. ಆ ಖಾಲಿ ಲೋಟಾನೇ ಮಕ್ಕಳು ಜಾಸ್ತಿ ತುಂಬಿಸಿರೋದು, ನಾನು ಕಣ್ಣಾರೆ ನೋಡಿದೀನಿ.

ಮಳೆ ಪುಟಾನೂ ಹಂಗೇ, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ರೆ ಸರಿಯಾಗಿ ಒಂದು ಲೀಟರ್ ನೀರು, ಇದು ಎಲ್ಲಿ ಹೋದ್ರೂ ಬದಲಾಗಲ್ಲ. ಮಗು ಬಾಟಲ್ ಕತ್ತರಿಸಿ ಮಳೆ ಅಳೆಯುತ್ತೆ, ಚಾವಣಿ ಅಳೆದು ಗುಣಿಸುತ್ತೆ. ಬೆಂಗಳೂರಲ್ಲಿ ವರ್ಷಕ್ಕೆ 970 ಮಿಲಿಮೀಟರ್ ಹತ್ರ ಮಳೆ ಅಂದ್ರೆ 30×40 ಸೈಟ್ ಮೇಲೆ ಲಕ್ಷ ಲೀಟರ್ ದಾಟುತ್ತೆ, ಲೆಕ್ಕ ಮಾಡಿದ ಮೇಲೆ ನನ್ನ ಮಗಳು ನೇರ ಅವರಪ್ಪನ ಹತ್ರ ಹೋಗಿ ನಮ್ಮ ಟೆರೇಸ್ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ಲು. ಅದು ಚರಂಡಿಗೆ ಹೋಗ್ತಿತ್ತು. ಮಳೆನೀರು ಕೊಯ್ಲು ಕಡ್ಡಾಯ ಅಂತ ಬೆಂಗಳೂರಲ್ಲಿ 2009ರಿಂದ ಕಾನೂನಿದೆ, ನಮ್ಮಲ್ಲಿ ಪೈಪ್ ಇದೆ, ಇಂಗುಗುಂಡಿಗೆ ಹೋಗೋ ಕಡೆ ಹೂಳು ಕಟ್ಟಿತ್ತು. ಈ ಪುಸ್ತಕದ ಕೆಲಸ ನಡೀವಾಗ್ಲೇ ಅದನ್ನ ತೆಗೆಸಿದ್ವಿ.

ಭಾಷೆ ವಿಷಯದಲ್ಲಿ ಇವರ ಜೊತೆ ಬಹಳ ಹೊತ್ತು ಕೂತಿದೀನಿ, ಕೂತಿದ್ದಕ್ಕೂ ಸಾರ್ಥಕ. ಟೀಚರ್ ಒಬ್ಬರು ಹೇಳಿದ್ರು, ಎರಡನೇ ಕ್ಲಾಸ್ ಮಕ್ಕಳು ಒತ್ತಕ್ಷರ ಬಂದ್ರೆ ನಿಂತುಬಿಡ್ತಾರೆ, ಅರ್ಕಾವತ್ತು ಬಂದ್ರಂತೂ ಹಿಂದುಮುಂದು ಓದ್ತಾರೆ ಅಂತ. ಹಾಗಾಗಿ ಮೊದಲ ಹತ್ತು ಪುಟ ಆದಷ್ಟೂ ಒತ್ತಕ್ಷರ ಇಲ್ಲದ ಪದಗಳಲ್ಲೇ ಬರೆದ್ವಿ, ಬರೆದು ನೋಡಿ ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ನಲ್ಲಿ ಅನ್ನೋದರಲ್ಲೇ ಒತ್ತು ಇದೆ. ಜಲಸಂರಕ್ಷಣೆ ಹೋಯ್ತು, ನೀರು ಉಳಿಸು ಬಂತು. ಅಂತರ್ಜಲ ಹೋಗಿ ನೆಲದೊಳಗಿನ ನೀರು ಆಯ್ತು, ಮರುಪೂರಣ ಹೋಗಿ ಇಂಗಿಸು ಆಯ್ತು, ಇಂಗು ಅನ್ನೋ ಪದ ಎಷ್ಟು ಚೆನ್ನಾಗಿದೆ, ಕೇಳಿದ್ರೇನೇ ನೀರು ಮಣ್ಣೊಳಗೆ ಇಳಿದಂಗಿದೆ. ಶಾಲೇಲಿ ರಾಯಚೂರು ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿರೋರ ಮಕ್ಕಳೂ ಇದಾರೆ, ಅವರು ನಲ್ಲಿಗೆ ನಳ ಅಂತಾರೆ, ಮೈಸೂರು ಕಡೆ ಕೊಳಾಯಿ. ಯಾವುದು ಹಾಕೋಣ ಅಂತ ನಾವು ಚರ್ಚೆ ಮಾಡ್ತಿದ್ರೆ ಅವರು ಅದನ್ನೇ ಒಂದು ಪುಟ ಮಾಡಿಬಿಟ್ರು, ಒಂದೇ ನಲ್ಲಿ ಚಿತ್ರ, ಸುತ್ತ ನಲ್ಲಿ, ನಳ, ಕೊಳಾಯಿ, ಕೆಳಗಡೆ ಒಂದು ಬಿಂದಿಗೆ, ಅದರ ಸುತ್ತ ಕೊಡ, ಬಿಂದಿಗೆ, ಮಂಗಳೂರು ಕಡೆಯ ಕೊಡಪಾನ, ನಿಮ್ಮನೇಲಿ ಏನಂತಾರೆ ಅಂತ ಒಂದು ಖಾಲಿ ಗೆರೆ. ತೆಲುಗು, ತಮಿಳು, ಹಿಂದಿ ಮಾತಾಡೋ ಮಕ್ಕಳು ಅವರ ಪದಾನ ಕನ್ನಡ ಅಕ್ಷರದಲ್ಲೇ ಬರೆದಿದಾರೆ. ಅಕ್ಷರಕ್ಕೆ ‘ಬಲೂ ತಮ್ಮ’ ಅನ್ನೋ ಫಾಂಟ್ ಹಾಕಿದಾರೆ, ದುಂಡಗೆ ದಪ್ಪಗೆ ಇದೆ, 18 ಪಾಯಿಂಟ್ ಸೈಜು, ಶೀರ್ಷಿಕೆಗೂ ಅದೇ ಫಾಂಟ್. ಬಳಸೋಕೆ ದುಡ್ಡಿಲ್ಲ, ಲೈಸೆನ್ಸ್ ತಲೆನೋವೂ ಇಲ್ಲ.

ಪೇಪರ್ ವಿಷಯಕ್ಕೆ ಹುಷಾರಾಗಿರಿ. ಪ್ರಿಂಟರ್ ಕಡೆಯವರು ಆರ್ಟ್ ಪೇಪರ್ ಹಾಕ್ಸಿ ಮೇಡಂ ಮಿಂಚುತ್ತೆ ಅಂದ್ರು, ಸ್ಯಾಂಪಲ್ ನೋಡಿದ್ರೆ ನಿಜವಾಗ್ಲೂ ಚೆಂದ ಇತ್ತು, ನಾನು ಹೂಂ ಅನ್ನೋಳಿದ್ದೆ. ಲೇಔಟ್ ಮಾಡೋರು ಆ ಸ್ಯಾಂಪಲ್ ಹಾಳೆನ ನನ್ನ ಮಗಳ ಕೈಗೆ ಕೊಟ್ಟು ಕಲರ್ ಪೆನ್ಸಿಲ್ ಕೊಟ್ರು, ಪೆನ್ಸಿಲ್ ಜಾರ್ತಾನೇ ಹೋಯ್ತು, ಕ್ರೆಯಾನ್ ಮೇಣದ ಥರ ಮೇಲೇ ಕೂತು ಕೈಗೆಲ್ಲ ಅಂಟಿತು. ಬಣ್ಣ ಹಚ್ಚೋ ಪುಸ್ತಕಕ್ಕೆ ಮಿಂಚೋ ಪೇಪರ್ ಯಾವತ್ತೂ ಬೇಡ. ಕೊನೆಗೆ ಒಳಪುಟಕ್ಕೆ 100 ಜಿಎಸ್‌ಎಂ (ಪೇಪರ್ ತೂಕದ ಅಳತೆ, ಜಾಸ್ತಿ ಆದಷ್ಟೂ ದಪ್ಪ) ಮ್ಯಾಪ್ಲಿಥೋ ಅನ್ನೋ ಮಿಂಚದ ಪೇಪರ್, ಹೊದಿಕೆಗೆ 300 ಜಿಎಸ್‌ಎಂ ಕಾರ್ಡ್ ಅಂತ ಆಯ್ತು. 80 ಜಿಎಸ್‌ಎಂ ಆಗಿದ್ರೆ ಸ್ಕೆಚ್ ಪೆನ್ ಹಿಂದಿನ ಪುಟಕ್ಕೆ ಇಳಿಯುತ್ತೆ. ಪುಟಗಳ ಲೆಕ್ಕನೂ ನಾಲ್ಕರ ಗುಣಕದಲ್ಲೇ ಇರಬೇಕು, ನಾವು 30 ಅಂತಿದ್ವಿ, ಅದಕ್ಕೇ 32 ಆಗಿದ್ದು.

ಈಗ ಅರ್ಧ ಸ್ಟಾರ್ ಎಲ್ಲಿ ಹೋಯ್ತು ಅಂತ. ಒಂದು, ಲೇಟ್ ಮಾಡಿದ್ರು. ಮಾರ್ಚ್ 22 ವಿಶ್ವ ಜಲ ದಿನಕ್ಕೆ ಹಂಚಬೇಕು ಅಂತ ಮೊದಲೇ ಹೇಳಿದ್ವಿ, ಪುಸ್ತಕ ಕೈಗೆ ಬಂದಿದ್ದು ಮೂರು ವಾರ ಆದ್ಮೇಲೆ, ಅಷ್ಟೊತ್ತಿಗೆ ಶಾಲೆಗೆ ರಜೆ ಶುರು, ಮನೆಮನೆಗೆ ಹೋಗಿ ಹುಡುಕಿ ಹುಡುಕಿ ಕೊಟ್ವಿ, ಒಂದಷ್ಟು ಮಕ್ಕಳು ಊರಿಗೆ ಹೋಗಿದ್ರು, ಅವರದ್ದೆಲ್ಲ ಕೊಟ್ಟು ಮುಗಿಸೋಕೆ ಶಾಲೆ ಮತ್ತೆ ಶುರುವಾಗಬೇಕಾಯ್ತು. ಎರಡು ತಿಂಗಳಿಗೆ ಒಪ್ಕೊಂಡ ಕೆಲಸಕ್ಕೆ ನಿಜಕ್ಕೂ ನಾಲ್ಕು ತಿಂಗಳು ಬೇಕು, ಅದನ್ನ ಅವರು ಮೊದಲೇ ಹೇಳಬೇಕಿತ್ತು. ಎರಡು, ಬಣ್ಣ. ಮೊಬೈಲ್‌ನಲ್ಲಿ ಕಳಿಸಿದ ಡ್ರಾಫ್ಟಲ್ಲಿ ಹೊಳೆಯೋ ನೀಲಿ ಇತ್ತು, ಪ್ರಿಂಟ್ ಪ್ರೂಫ್ ಬಂದಾಗ ಕಾವೇರಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸ್ಕ್ರೀನ್ ಬಣ್ಣ ಬೆಳಕಿನಿಂದ ಆಗೋದು (ಆರ್‌ಜಿಬಿ), ಪ್ರಿಂಟ್ ಬಣ್ಣ ನಾಲ್ಕು ಇಂಕ್ ಬೆರೆಸಿ ಆಗೋದು (ಸಿಎಂವೈಕೆ), ಗಾಢ ನೀಲಿ ಇಂಕ್‌ನಲ್ಲಿ ಹಂಗೇ ನೇರಳೆ ಕಡೆ ಹೋಗುತ್ತಂತೆ. ನೀರಿನ ಪುಸ್ತಕದಲ್ಲಿ ನೀಲಿನೇ ಕೆಟ್ರೆ ಹೇಗೆ, ಮೊದಲ ದಿನವೇ ಒಂದು ಪುಟ ಪ್ರಿಂಟ್ ತೆಗೆಸಿ ನೋಡಬೇಕಿತ್ತು ಅಂತ ಅವರೂ ಒಪ್ಕೊಂಡ್ರು, ಮೂರು ದಿನ ಕೂತು ಎಲ್ಲಾ ಪುಟದ ನೀಲಿನೂ ಸರಿ ಮಾಡಿದ್ರು.

ಮೂರನೇದು ಸಣ್ಣದು ಆದ್ರೆ ಮಕ್ಕಳಿಗೆ ದೊಡ್ಡದು. 21ನೇ ಪುಟದಲ್ಲಿ ನೀರುಗಂಟಿ ಬ್ಯಾಡ್ಜ್ ಕತ್ತರಿಸಿ ಪಿನ್ ಹಾಕ್ಕೊಳ್ಳೋಕೆ ಕೊಟ್ಟಿದಾರೆ, ಅದರ ಹಿಂದೇನೇ 22ನೇ ಪುಟದಲ್ಲಿ ಪದಬಂಧ. ಬ್ಯಾಡ್ಜ್ ಕತ್ತರಿಸಿದ್ರೆ ಪದಬಂಧದ ನಡುವೆ ತೂತು. ಪ್ರಿಂಟ್‌ಗೆ ಮುಂಚೆ ನೋಡೋಕೆ ಕೊಡೋ ಡಮ್ಮಿ ಕಾಪಿ ಬಂದಾಗ ನಾವು ಏಳು ಜನ ದೊಡ್ಡೋರು ತಿರುವಿ ತಿರುವಿ ನೋಡಿ ಓಕೆ ಅಂದಿದ್ವಿ, ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ, ಯಾಕಂದ್ರೆ ಯಾರೂ ಕತ್ತರಿ ಹಿಡಿದಿರ್ಲಿಲ್ಲ. ಪುಸ್ತಕ ಹಂಚಿದ ದಿನ ಹತ್ತೇ ನಿಮಿಷಕ್ಕೆ ಒಂದನೇ ಕ್ಲಾಸ್ ಹುಡುಗ ತೂತಿನಿಂದ ಕಣ್ಣು ಹಾಕಿ ನೋಡ್ತಾ ಅಕ್ಕ ಇಲ್ಲಿ ಅಕ್ಷರ ಇಲ್ಲ ಅಂದ. ಡಮ್ಮಿ ಬಂದ್ರೆ ದೊಡ್ಡೋರ ಕೈಗೆ ಕೊಡ್ಬೇಡಿ, ಎರಡು ಮಕ್ಕಳಿಗೆ ಕತ್ತರಿ, ಗೋಂದು, ಪೆನ್ಸಿಲ್ ಕೊಟ್ಟು ಪಕ್ಕ ಕೂತು ನೋಡಿ. ಈ ತಪ್ಪಿಗೆ ಅವರು ಆ ಪದಬಂಧನ ಬೇರೆ ಹಾಳೇಲಿ 500 ಪ್ರಿಂಟ್ ಮಾಡ್ಸಿ ಅವರದ್ದೇ ಖರ್ಚಲ್ಲಿ ಕಳಿಸಿದ್ರು, ನಾವು ಕೇಳಿರ್ಲಿಲ್ಲ.

ದುಡ್ಡಿನ ಲೆಕ್ಕ: ಚಿತ್ರ ಮತ್ತೆ ಡಿಸೈನ್ ಎಲ್ಲಾ ಸೇರಿ 65,000, ಪ್ರಿಂಟಿಂಗ್ ಒಂದು ಪುಸ್ತಕಕ್ಕೆ 62ರ ಹಾಗೆ 500ಕ್ಕೆ 31,000. ಮನೆಗೆ 400 ರೂಪಾಯಿ ಎತ್ತಿದ್ವಿ, ಕೆಲವರು ಜಾಸ್ತಿ ಕೊಟ್ರು. ಡಿಸೈನ್ ರೇಟ್ ಕೇಳಿ ನಮ್ಮಲ್ಲೂ ಕೆಲವರು ಇಷ್ಟಾ ಅಂದ್ರು, ಆನ್‌ಲೈನ್‌ನಲ್ಲಿ ರೆಡಿ ಚಿತ್ರ ಐನೂರು ರೂಪಾಯಿಗೆ ಸಿಗುತ್ತೆ ಅಂದ್ರು. ಸಿಗುತ್ತೆ, ಬಾತ್‌ಟಬ್ ಸಿಗುತ್ತೆ. ಒಬ್ಬರು ನಾಲ್ಕು ತಿಂಗಳು ಕೂತು ನಮ್ಮ ಸಂಪು, ನಮ್ಮ ಕೊಡ, ನಮ್ಮ ಟ್ಯಾಂಕರ್‌ನ ಹಿಂದಿನ ಸೋರೋ ವಾಲ್ವು ಕೂಡ ಬಿಡದೆ ಬರೆದಿದಾರೆ, ಅದಕ್ಕೆ ಇದು ಜಾಸ್ತಿ ಅಂತ ನಂಗನ್ಸಲ್ಲ. ಅಗ್ರಿಮೆಂಟ್ ಎರಡೇ ಪುಟ ಇತ್ತು, ಚಿತ್ರದ ಹಕ್ಕು ಅವರದ್ದು, ಉಚಿತವಾಗಿ ಹಂಚೋಕೆ ನಾವು ಎಷ್ಟು ಸಲ ಬೇಕಾದ್ರೂ ಪ್ರಿಂಟ್ ಹಾಕ್ಸಬಹುದು, ಮಾರೋದಾದ್ರೆ ಅವರನ್ನ ಕೇಳಬೇಕು. ಮೂಲ ಫೈಲೂ ಕೊಟ್ಟಿದಾರೆ, ಇದನ್ನ ಮೊದಲೇ ಬರೆಸ್ಕೊಳ್ಳಿ, ಬರೀ ಪಿಡಿಎಫ್ ಇಟ್ಕೊಂಡ್ರೆ ಮುಂದೆ ಒಂದು ಅಕ್ಷರ ತಿದ್ದೋಕೂ ಆಗಲ್ಲ.

ಎರಡನೇ ಪ್ರಿಂಟ್‌ಗೆ ಈಗ ತಯಾರಿ ನಡೀತಿದೆ, ಬ್ಯಾಡ್ಜ್‌ನ ಹೊದಿಕೆ ಒಳಭಾಗಕ್ಕೆ ಹಾಕ್ತಿದೀವಿ, ಹಿಂದೆ ಏನೂ ಇರಲ್ಲ. ಹಾವು ಏಣೀಲಿ ಒಂದು ಹೊಸ ಹಾವೂ ಬರ್ತಿದೆ. ಕೊನೇ ಪುಟದಲ್ಲಿ ನಮ್ಮನೆಗೆ ನೀರು ಬರೋ ದಾರಿ ಬರಿ ಅಂತ ಖಾಲಿ ಬಿಟ್ಟಿದ್ವಿ, ಶಾಲೆಯ ಒಬ್ಬ ಹುಡುಗ ಅವರಪ್ಪನ ಸೈಕಲ್ ಬರೆದಿದ್ದ, ಹ್ಯಾಂಡಲ್‌ಗೆ ಎರಡು ಕೊಡ, ಹಿಂದೆ ಕ್ಯಾರಿಯರ್‌ಗೆ ಹಗ್ಗ ಕಟ್ಟಿ ಎರಡು, ಮುಂದಿನ ಚಕ್ರಕ್ಕೆ ಬಾಣದ ಗುರುತು ಹಾಕಿ ಪಂಚರ್ ಅಂತ ಬರೆದಿದ್ದ. ಅವತ್ತು ಮನೇಲಿ ನೀರಿರ್ಲಿಲ್ಲವಂತೆ. ಚಿತ್ರ ಬರೆಯೋರಿಗೆ ಫೋಟೋ ಕಳಿಸಿದೆ, ಇದನ್ನ ಆಟಕ್ಕೆ ಸೇರಿಸ್ಲಾ ಅಂತ ಹುಡುಗನ್ನೂ ಅವರಮ್ಮನ್ನೂ ಕೇಳಿ ಅಂದ್ರು. ಕೇಳಿದ್ವಿ. ಸೈಕಲ್ ಪಂಚರ್, ನಾಲ್ಕು ಮನೆ ಹಿಂದೆ ಹೋಗು ಅಂತ ಹಾಕ್ತೀವಿ ಅಂದಾಗ ಆ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಹಿಂದೆ ಹೋಗೋದು ಬೇಡ, ನಡ್ಕೊಂಡು ತಳ್ಕೊಂಡು ಬರ್ತಾರೆ, ಒಂದು ಸಲ ಆಟ ಬಿಟ್ರೆ ಸಾಕು ಅಂದ. ಹಾಗೇ ಹಾಕ್ತಿದಾರೆ. ಕೊಡದ ಬಣ್ಣನೂ ಅವನು ಹೇಳಿದ್ದೇ, ಎರಡು ಹಸಿರು, ಒಂದು ನೀಲಿ, ಒಂದು ಕಿತ್ತಳೆ, ಕಿತ್ತಳೆದ್ರ ಬಾಯಿ ಸ್ವಲ್ಪ ಒಡೆದಿದೆ.